ಹದಿನಾರು ಚುಕ್ಕಿಯಲ್ಲಿ ಚೆನ್ನೈ

ವಿಡಿಯೊ ಗೇಮಿನ ಪರದೆಯಲ್ಲಿ ಹುಟ್ಟಿದ ಪಿಕ್ಸೆಲ್ ಅಕ್ಷರ ಈಗ ಪೋಸ್ಟರು, ಟೀ ಶರ್ಟು, ಆಲ್ಬಮ್ ಮುಖಪುಟಗಳ ಮೇಲೆ ಮತ್ತೆ ಮೆರೆಯುತ್ತಿದೆ. ಕನ್ನಡದಲ್ಲಿ ಅಂಥದ್ದೊಂದು ಫಾಂಟ್ ಮಾಡಹೊರಟವರು ಜಪಾನಿನ ಗೇಮುಗಳತ್ತ ನೋಡುವ ಮೊದಲು ಚೆನ್ನೈಯಲ್ಲಿ ಒಂದು ಸುತ್ತು ಹಾಕಬೇಕು. ಅಂಗಡಿ ಬೀದಿ, ಕಾಲೇಜು, ಕಾರ್ಖಾನೆ, ಮನೆಯಂಗಳ ಎಲ್ಲ ಕಡೆಯೂ ಅಲ್ಲಿ ಚುಕ್ಕಿಯ ಪಾಠಗಳಿವೆ.

ಕನ್ನಡದಲ್ಲಿ ‘ಚೆನ್ನೈ’ ಎಂದು ಬರೆದರೆ ಎರಡೇ ಅಕ್ಷರ. ಕಾಗದದ ಮೇಲೆ ಬರೆಯುವುದು ಸುಲಭ. ಅದನ್ನೇ ಬಸ್ಸಿನ ನೆತ್ತಿಯ ಎಲ್‌ಇಡಿ ಬೋರ್ಡಿನಲ್ಲಿ, ಮೇಲಿನಿಂದ ಕೆಳಕ್ಕೆ ಹದಿನಾರೇ ದೀಪಗಳಿರುವ ಜಾಗದಲ್ಲಿ ಮೂಡಿಸಿ ನೋಡಿ. ಎರಡನೆಯ ಅಕ್ಷರಕ್ಕೆ ತಲೆಯ ಮೇಲೆ ಎತ್ವದ ಕೊಂಡಿ ಬೇಕು, ನಡುವೆ ‘ನ’ದ ಮೈ ಬೇಕು, ಕಾಲಡಿಯಲ್ಲಿ ‘ನ’ ಒತ್ತು ಬೇಕು, ಅದರ ಪಕ್ಕದಲ್ಲಿ ಐತ್ವದ ಸುಳಿಯೂ ಬೇಕು. ನಾಲ್ಕು ಆಕಾರಗಳು ಒಂದರ ಮೇಲೊಂದು ಹತ್ತಿ ನಿಂತಿರುತ್ತವೆ. ಚುಕ್ಕಿಗಳು ಮಾತ್ರ ಅಷ್ಟೇ ಇರುತ್ತವೆ.

ಇದೇ ಹೆಸರು ತಮಿಳಿನಲ್ಲಿ ಐದು ತುಂಡಾಗಿ ಸಾಲಾಗಿ ನಿಲ್ಲುತ್ತದೆ. ಮೊದಲು ಎಕಾರದ ಗುರುತು, ಆಮೇಲೆ ‘ಚ’, ಆಮೇಲೆ ತಲೆಯ ಮೇಲೆ ‘ಪುಳ್ಳಿ’ ಎಂಬ ಚುಕ್ಕಿ ಹೊತ್ತ ‘ನ’, ಐಕಾರದ ಗುರುತು, ಕೊನೆಗೆ ಇನ್ನೊಂದು ‘ನ’. ಇಲ್ಲಿ ಒತ್ತಕ್ಷರವೇ ಇಲ್ಲ. ವ್ಯಂಜನದ ಮೇಲೆ ಪುಳ್ಳಿ ಇಟ್ಟರೆ ಸ್ವರ ಹೋಯಿತು, ಮುಂದಿನ ಅಕ್ಷರ ಪಕ್ಕಕ್ಕೆ ಬಂತು. ತಮಿಳು ಅಗಲ ಕೇಳುತ್ತದೆ, ಕನ್ನಡ ಆಳ ಕೇಳುತ್ತದೆ. ಎಲ್‌ಇಡಿ ಬೋರ್ಡಾದರೋ ಅಡ್ಡಕ್ಕೆ ಎಷ್ಟು ದೂರ ಬೇಕಾದರೂ ಓಡಬಲ್ಲದು, ಎತ್ತರಕ್ಕೆ ಒಂದು ಚುಕ್ಕಿಯಷ್ಟೂ ಬೆಳೆಯಲಾರದು. ಹಾಗಾಗಿ ಒಂದೇ ಬೋರ್ಡಿನಲ್ಲಿ ತಮಿಳು ನೆಮ್ಮದಿಯಾಗಿ ಸಾಗಿದರೆ ಕನ್ನಡ ಉಸಿರು ಬಿಗಿ ಹಿಡಿದು ನಡೆಯುತ್ತದೆ.

ಪಿಕ್ಸೆಲ್ ಶೈಲಿ ಇಂದು ಇಂಗ್ಲಿಷಿಗೆ ಒಂದು ಅಲಂಕಾರ, ಹಳೆಯ ದಿನಗಳ ನೆನಪು. ಕನ್ನಡಕ್ಕೆ ಅದು ಇನ್ನೂ ಮುಗಿಯದ ಕೆಲಸ. ಈ ವ್ಯತ್ಯಾಸ ಗೊತ್ತಿಲ್ಲದೆ ಇಂಗ್ಲಿಷ್ ಮಾದರಿಯನ್ನು ಹಾಗೆಯೇ ಎತ್ತಿಕೊಂಡರೆ ಚೌಕಗಳು ಉಳಿಯುತ್ತವೆ, ಅಕ್ಷರ ಕಾಣೆಯಾಗುತ್ತದೆ.

ಎಂಟು ಚುಕ್ಕಿಯ ಸಾಮ್ರಾಜ್ಯ

ಇಂಗ್ಲಿಷಿನ ಪಿಕ್ಸೆಲ್ ಅಕ್ಷರಕ್ಕೆ ದೊಡ್ಡ ಚರಿತ್ರೆಯೇ ಇದೆ. ಡಚ್ ವಿನ್ಯಾಸಕಾರ ವಿಮ್ ಕ್ರೌವೆಲ್ 1967ರಲ್ಲಿ ‘ನ್ಯೂ ಆಲ್ಫಬೆಟ್’ ಪ್ರಕಟಿಸಿದರು. ಆಗಿನ ಕ್ಯಾಥೋಡ್ ಕಿರಣದ ಅಚ್ಚುಜೋಡಣೆ ಯಂತ್ರಗಳಲ್ಲಿ ದುಂಡು ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ. ಯಂತ್ರವನ್ನು ಬೈಯುವ ಬದಲು ಅವರು ಅಕ್ಷರವನ್ನೇ ನೇರ ಗೆರೆಗಳಿಗೆ ಇಳಿಸಿದರು. 1976ರ ಹೊತ್ತಿಗೆ ಅಟಾರಿಯ ಗೇಮುಗಳಲ್ಲಿ ಎಂಟಕ್ಕೆ ಎಂಟು ಚುಕ್ಕಿಯ ಅಕ್ಷರ ನೆಲೆಯಾಯಿತು. ಜಪಾನಿನ ನಾಮ್ಕೊ ಕಂಪನಿ ಅದನ್ನು ಮುಂದುವರಿಸಿತು. 1980ರ ಪ್ಯಾಕ್‌ಮ್ಯಾನ್ ಅದನ್ನು ಲೋಕಕ್ಕೆಲ್ಲ ಹಂಚಿತು.

1984ರಲ್ಲಿ ಆಪಲ್ ಮೆಕಿಂಟಾಶ್ ಬಂದಾಗ ಸೂಸನ್ ಕೇರ್ ಅದಕ್ಕೆ ‘ಶಿಕಾಗೊ’ ಅಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ಜೋಡಿಸಿದರು. ನಿಂತ ಗೆರೆಗಳಿಗೆ ಎರಡು ಚುಕ್ಕಿ ದಪ್ಪ ಕೊಟ್ಟದ್ದರಿಂದ, ಮೆನು ಮಸುಕಾಗಿ ಅರ್ಧ ಚುಕ್ಕಿಗಳು ಆರಿದಾಗಲೂ ಓದಲು ಬರುತ್ತಿತ್ತು. ಹದಿನೇಳು ವರ್ಷಗಳ ನಂತರ, 2001ರ ಮೊದಲ ಐಪಾಡ್‌ನ ಪುಟ್ಟ ಪರದೆಯಲ್ಲಿಯೂ ಅದೇ ಅಕ್ಷರ ಕೆಲಸಕ್ಕೆ ಬಂತು. ಅದೇ ಮೆಕಿಂಟಾಶ್ ಮೇಲೆ ಕ್ಯಾಲಿಫೋರ್ನಿಯಾದ ಜುಜಾನಾ ಲಿಚ್ಕೊ ‘ಎಂಪರರ್’, ‘ಓಕ್‌ಲ್ಯಾಂಡ್’ ಎಂಬ ಅಕ್ಷರಗಳನ್ನು ಕಟ್ಟಿ ‘ಎಮಿಗ್ರೆ’ ಪತ್ರಿಕೆಯಲ್ಲಿ ಬಳಸಿದರು. ಕಂಪ್ಯೂಟರಿನ ಒರಟುತನವನ್ನು ಕೊರತೆ ಎಂದು ಮರೆಮಾಚದೆ ಶೈಲಿಯಾಗಿ ತೋರಿಸಿದ ಧೈರ್ಯ ಅವರದು.

ಪರದೆಗಳು ಚೂಪಾದ ಮೇಲೆ ಈ ಅಕ್ಷರಗಳ ಅಗತ್ಯ ತೀರಿತು, ಮೋಹ ತೀರಲಿಲ್ಲ. ಜೇಸನ್ ಕಾಟ್ಕಿ 1999ರಲ್ಲಿ ಮಾಡಿದ ‘ಸಿಲ್ಕ್‌ಸ್ಕ್ರೀನ್’, ನಾಮ್ಕೊ ಗೇಮುಗಳ ಅಕ್ಷರವನ್ನು ಆಧರಿಸಿದ ‘ಪ್ರೆಸ್ ಸ್ಟಾರ್ಟ್ 2ಪಿ’, ಹಳೆಯ ಟರ್ಮಿನಲ್ಲಿನ ಅಕ್ಷರದಿಂದ ಬಂದ ‘ವಿಟಿ323’, ಈಚಿನ ‘ಪಿಕ್ಸೆಲಿಫೈ ಸಾನ್ಸ್’ ಇವೆಲ್ಲ ಇಂದು ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಈ ನಾಲ್ಕರಲ್ಲಿ ಯಾವುದರಲ್ಲೂ ಕನ್ನಡವಿಲ್ಲ. ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ದಂಥ ಒಳ್ಳೆಯ ಮುಕ್ತ ಫಾಂಟುಗಳು ಕನ್ನಡಕ್ಕೆ ಬಂದಿದ್ದರೂ ಅವು ದುಂಡು ಗೆರೆಯ ಲೋಕದವು. ಚುಕ್ಕಿಯ ಕನ್ನಡ ಬೇಕೆಂದರೆ ರೋಮನ್ ಚುಕ್ಕಿ ಮಾದರಿಗಳನ್ನೆಲ್ಲ ಬದಿಗಿಟ್ಟು ಬೇರೆ ಕಡೆ ಹುಡುಕಬೇಕು.

ರಿಚ್ಚಿ ಸ್ಟ್ರೀಟಿನ ಲೆಕ್ಕ

ಮೌಂಟ್ ರೋಡಿನ ಪಕ್ಕದಲ್ಲಿರುವ ರಿಚ್ಚಿ ಸ್ಟ್ರೀಟ್ ಚೆನ್ನೈಯ ಎಲೆಕ್ಟ್ರಾನಿಕ್ಸ್ ಸಂತೆ. ಬೆಂಗಳೂರಿಗರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈಯವರಿಗೆ ಇದು ಹಾಗೆ. ಔಷಧದಂಗಡಿ, ಮೊಬೈಲ್ ಅಂಗಡಿ, ದೇವಸ್ಥಾನಗಳ ಮುಂದೆ ಓಡುವ ಕೆಂಪು ಬೋರ್ಡುಗಳು ತಯಾರಾಗುವುದು ‘ಪಿ10’ ಎಂಬ ಮಾಡ್ಯೂಲಿನಿಂದ. ಅಡ್ಡಕ್ಕೆ 32, ಮೇಲಿನಿಂದ ಕೆಳಕ್ಕೆ 16, ಒಟ್ಟು 512 ದೀಪಗಳು. ಒಂದು ದೀಪಕ್ಕೂ ಇನ್ನೊಂದಕ್ಕೂ 10 ಮಿಲಿಮೀಟರ್ ಅಂತರ. ಹೆಸರಿನ 10 ಬಂದದ್ದು ಅದರಿಂದಲೇ.

ಈ ಹದಿನಾರು ಸಾಲುಗಳಲ್ಲಿ ಇಂಗ್ಲಿಷ್ ದೊಡ್ಡಕ್ಷರಕ್ಕೆ ಏಳು ಸಾಲು ಸಾಕು. ಅಂದರೆ ಒಂದೇ ಮಾಡ್ಯೂಲಿನಲ್ಲಿ ಎರಡು ಸಾಲು ಇಂಗ್ಲಿಷ್ ಕೂರುತ್ತದೆ. ಕನ್ನಡಕ್ಕೆ ಲೆಕ್ಕ ಹಾಕಿ: ಗುಡಿಸು ಮತ್ತು ಎತ್ವಕ್ಕೆ ಮೇಲೆ ಮೂರು ಸಾಲು, ಅಕ್ಷರದ ಮೈಗೆ ಏಳು, ಉಸಿರಾಡಲು ಒಂದು ಖಾಲಿ ಸಾಲು, ಒತ್ತಿಗೆ ಐದು. ಹದಿನಾರೂ ಮುಗಿಯಿತು. ‘ರಾಷ್ಟ್ರ’ದ ಹಾಗೆ ಎರಡು ಒತ್ತು ಬಂದರೆ ಎರಡನೆಯದನ್ನು ಬಲಗಡೆಗೆ ಸರಿಸದೆ ಗತಿಯಿಲ್ಲ. ಕನ್ನಡದ ಕೈಬರಹ, ಅಚ್ಚುಮೊಳೆ ಎರಡೂ ಈ ಉಪಾಯವನ್ನು ಮೊದಲಿನಿಂದ ಬಲ್ಲವು. ಪಿಕ್ಸೆಲ್ ಹೊಸದಾಗಿ ಕೇಳುವುದು ಇಷ್ಟೇ, ಎಲ್ಲಿ ಸರಿಸಬೇಕೆಂದು ಚುಕ್ಕಿ ಎಣಿಸಿ ಹೇಳು ಎಂದು.

ಇನ್ನೂ ಇಕ್ಕಟ್ಟಿನ ಜಾಗ ಬೇಕಾದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಕೊಳ್ಳುವ 16×2 ಎಲ್‌ಸಿಡಿ ನೋಡಿ. ಅದರ ಹಿಟಾಚಿ ಮಾದರಿಯ ನಿಯಂತ್ರಕದಲ್ಲಿ ಪ್ರತಿ ಅಕ್ಷರದ ಮನೆಗೆ ಅಡ್ಡ ಐದು, ಎತ್ತರ ಎಂಟು ಚುಕ್ಕಿ. ಸ್ವಂತವಾಗಿ ಬರೆದು ತುಂಬಲು ಒಮ್ಮೆಗೆ ಎಂಟೇ ಮನೆಗಳು. ಐದು ಚುಕ್ಕಿ ಅಗಲದಲ್ಲಿ ಕನ್ನಡ ಹಿಡಿಸದೆ ಒಂದೊಂದು ಅಕ್ಷರಕ್ಕೆ ಎರಡು ಮನೆ ಬಳಸಿದರೆ ಸಿಗುವುದು ನಾಲ್ಕೇ ಅಕ್ಷರ. ‘ಕನ್ನಡ’ ಎಂಬ ಮೂರಕ್ಷರ ಬರೆದು ಒಂದು ಅಕ್ಷರದ ಜಾಗ ಮಿಗಿಸಬಹುದು.

ಜಾಗ ಕಡಿಮೆಯಾದಂತೆ ಅಕ್ಷರದಲ್ಲಿ ಯಾವುದು ಮುಖ್ಯ ಎನ್ನುವುದು ಬಯಲಾಗುತ್ತದೆ. ‘ರ’ಕ್ಕೂ ‘ಠ’ಕ್ಕೂ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ‘ಪ’ಕ್ಕೂ ‘ಷ’ಕ್ಕೂ ನಡುವೆ ಒಳಗಿನ ಒಂದು ಗೆರೆ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಬ’ ಮತ್ತು ‘ಭ’ ಬೇರೆಯಾಗುವುದು ಬುಡದ ಸಣ್ಣ ಸೀಳಿನಿಂದ. ಆ ಸೀಳಿಗೆ ಒಂದೇ ದೀಪ ಮೀಸಲಿಟ್ಟು, ಮುಂದೊಂದು ದಿನ ಆ ದೀಪ ಕೆಟ್ಟರೆ ಧಾರವಾಡದ ಬಸ್ಸು ‘ದಾರವಾಡ’ಕ್ಕೆ ಹೋಗುತ್ತದೆ. ಅಕ್ಷರ ಬೇರ್ಪಡಿಸುವ ಯಾವ ಗುರುತೂ ಒಂಟಿ ಚುಕ್ಕಿಯ ಮೇಲೆ ನಿಂತಿರಬಾರದು ಎಂಬ ಪಾಠವನ್ನು ಇಂಗ್ಲಿಷ್ ಗೇಮುಗಳು ಕಲಿಸಲಾರವು.

ಪೆರಂಬೂರಿನಿಂದ ಹೊರಟ ರೈಲು, ಶ್ರೀಪೆರಂಬುದೂರಿನ ಫೋನು

ಚೆನ್ನೈ ಚುಕ್ಕಿ ಅಕ್ಷರಗಳನ್ನು ಓದುವ ಊರಷ್ಟೇ ಆಗಿರದೆ ಅವುಗಳನ್ನು ಹೊತ್ತು ತಿರುಗುವ ಯಂತ್ರಗಳನ್ನು ಮಾಡಿದ ಊರೂ ಹೌದು. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರ ಅಕ್ಟೋಬರ್ 2ರಂದು ಉದ್ಘಾಟನೆಯಾಯಿತು. ದಶಕಗಳ ಕಾಲ ಅಲ್ಲಿಂದ ಹೊರಟ ಬೋಗಿಗಳ ಮೈಮೇಲೆ ಊರ ಹೆಸರು ಬಣ್ಣ ಬಳಿದ ತಗಡಿನ ಫಲಕವಾಗಿ ತೂಗುತ್ತಿತ್ತು. 2018ರಲ್ಲಿ ಅದೇ ಕಾರ್ಖಾನೆ ‘ಟ್ರೈನ್ 18’ ತಯಾರಿಸಿತು. ಅದೇ ವಂದೇ ಭಾರತ್ ಆಯಿತು. ಊರ ಹೆಸರು ಬಣ್ಣದಿಂದ ಬೆಳಕಿಗೆ ಬಂತು. 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ವಂದೇ ಭಾರತ್ ಶುರುವಾದಾಗ ದಕ್ಷಿಣ ಭಾರತಕ್ಕೆ ಸಿಕ್ಕ ಮೊದಲ ವಂದೇ ಭಾರತ್ ಅದಾಗಿತ್ತು. ಚೆನ್ನೈ ಸೆಂಟ್ರಲ್‌ನ ಬೋರ್ಡುಗಳಲ್ಲಿ ತಮಿಳು, ಹಿಂದಿ, ಇಂಗ್ಲಿಷ್ ಸರದಿಯಂತೆ ಬಂದರೆ ಬೆಂಗಳೂರಿನಲ್ಲಿ ತಮಿಳಿನ ಜಾಗಕ್ಕೆ ಕನ್ನಡ ಬರುತ್ತದೆ. ಬೆಳಗ್ಗೆ ಒಂದು ಲಿಪಿ, ಮಧ್ಯಾಹ್ನ ಇನ್ನೊಂದು ಲಿಪಿ. ಎರಡಕ್ಕೂ ಸಿಗುವ ಚುಕ್ಕಿಗಳು ಅವೇ.

ಪಶ್ಚಿಮಕ್ಕೆ ಹೆದ್ದಾರಿ ಹಿಡಿದರೆ ಶ್ರೀಪೆರಂಬುದೂರು. ಅಲ್ಲಿನ ನೋಕಿಯಾ ಕಾರ್ಖಾನೆ 2006ರಲ್ಲಿ ಉತ್ಪಾದನೆ ಆರಂಭಿಸಿ 2014ರ ನವೆಂಬರಿನಲ್ಲಿ ಬಾಗಿಲು ಹಾಕಿತು. ನೋಕಿಯಾ ಎಂದರೆ ಚುಕ್ಕಿ ಅಕ್ಷರ ನೆನಪಾಗುವುದು ಸಹಜ. 2000ದಲ್ಲಿ ಬಂದ 3310 ಫೋನಿನ ಪರದೆ ಅಡ್ಡ 84, ಎತ್ತರ 48 ಚುಕ್ಕಿಯದು. ಹದಿನಾರರ ಲೆಕ್ಕದಲ್ಲಿ ಅದು ಕನ್ನಡದ ಮೂರೇ ಸಾಲು. ಇವತ್ತು ಡಿಸೈನರುಗಳು ಆ ಹಸಿರು ಪರದೆಯ ಅಕ್ಷರವನ್ನು ಪೋಸ್ಟರಿಗೆ ತಂದು ಖುಷಿಪಡುತ್ತಾರೆ. ಆದರೆ ಆಗ ಅಂಥ ಫೋನುಗಳಲ್ಲಿ ಅಮ್ಮನಿಗೆ ಸಂದೇಶ ಕಳಿಸಿದ ಬಹುತೇಕ ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರು. ಆ ಕಾಲದ ಹಂಬಲವನ್ನು ಕನ್ನಡದಲ್ಲಿ ಮರಳಿ ತರುವವರು ಬಹುಮಟ್ಟಿಗೆ ಆಗ ಇರದಿದ್ದ ಒಂದು ಅಕ್ಷರವನ್ನೇ ಕಟ್ಟಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಿದವರು ಒತ್ತು ಗುಣಿತಗಳ ತೊಡಕನ್ನು ಬೇರೆ ಬೇರೆ ದಾರಿಯಲ್ಲಿ ಬಿಡಿಸಿದ್ದಾರೆ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ–ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಪಿಸಿಯೊಳಗೆ ಒಂದು ಕಾರ್ಡ್ ಇಟ್ಟು ಕೆಲಸ ಮಾಡಿತು. ಐಐಟಿ ಮದ್ರಾಸಿನ ಬಹುಭಾಷಾ ತಂತ್ರಾಂಶ ಸ್ವರ ವ್ಯಂಜನಗಳನ್ನು ಬಿಡಿಬಿಡಿಯಾಗಿ ಇಡದೆ, ಒತ್ತು ಗುಣಿತ ಸಹಿತ ಇಡೀ ಅಕ್ಷರಕ್ಕೇ 16 ಬಿಟ್‌ನ ಒಂದು ಸಂಕೇತ ಕೊಟ್ಟಿತು. ‘ನ್ನೈ’ ಎಂಬುದು ಅಲ್ಲಿ ಒಂದೇ ಘಟಕ. ಪಿಕ್ಸೆಲ್ ಫಾಂಟ್ ಮಾಡುವವರಿಗೆ ಇದು ಈಗಲೂ ಕಿವಿಗೆ ಹಾಕಿಕೊಳ್ಳಬೇಕಾದ ಮಾತು. 34 ವ್ಯಂಜನ, 34 ಒತ್ತು ಎಂದು ಬಿಡಿಭಾಗ ಮಾಡಿಟ್ಟರೆ ಕೆಲಸ ಬೇಗ ಮುಗಿದಂತೆ ಕಾಣುತ್ತದೆ. ಆದರೆ ‘ಣ’ದಂಥ ಅಗಲದ ಅಕ್ಷರದಡಿ ಕೂರುವ ಒತ್ತು ‘ರ’ದಂಥ ಸಣ್ಣ ಅಕ್ಷರದಡಿ ಅದೇ ಜಾಗದಲ್ಲಿ ಕೂರುವುದಿಲ್ಲ. ಎರಡು ವ್ಯಂಜನಗಳ ಜೋಡಿಗಳೇ ಲೆಕ್ಕದ ಪ್ರಕಾರ 1,156. ಎಲ್ಲವೂ ಬಳಕೆಯಲ್ಲಿಲ್ಲ. ಬಳಕೆಯಲ್ಲಿರುವಷ್ಟನ್ನಾದರೂ ಇಡಿಯಾಗಿ ನೋಡಿ, ಕೈಯಿಂದ ಚುಕ್ಕಿ ತಿದ್ದಬೇಕು.

ಕೋಲಕ್ಕೆ ವ್ಯಾಕರಣ ಬರೆದವರು

ಚುಕ್ಕಿ ಚೌಕಟ್ಟಿನ ಬಗ್ಗೆ ಚೆನ್ನೈಯಲ್ಲಿ ನಡೆದ ಬಹು ಸೊಗಸಾದ ಚಿಂತನೆ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನದು. ಅಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಗಿಫ್ಟ್ ಸಿರೋಮನಿ, ಗಣಿತಜ್ಞೆ ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1970ರ ದಶಕದ ಮೊದಲ ವರ್ಷಗಳಲ್ಲಿ ಚಿತ್ರಗಳಿಗೂ ಒಂದು ವ್ಯಾಕರಣ ರೂಪಿಸಹೊರಟರು. ಮಾತಿನ ವ್ಯಾಕರಣದಲ್ಲಿ ನಿಯಮಗಳು ಪದಗಳನ್ನು ಸಾಲಾಗಿ ಬೆಳೆಸುತ್ತವೆ. ಇವರ ‘ಅರೇ ಗ್ರಾಮರ್’ನಲ್ಲಿ ನಿಯಮಗಳು ಅಡ್ಡಸಾಲು, ಕಂಬಸಾಲು ಎರಡನ್ನೂ ಬೆಳೆಸುತ್ತವೆ. 1974ರಲ್ಲಿ ಅವರು ಈ ವ್ಯಾಕರಣದಿಂದ ತಮಿಳು ಮನೆಗಳ ಅಂಗಳದ ರಂಗೋಲಿಯಾದ ಕೋಲವನ್ನು ವಿವರಿಸಿದ ಪ್ರಬಂಧ ಕಂಪ್ಯೂಟರ್ ಗ್ರಾಫಿಕ್ಸ್‌ನ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ದಶಕದಲ್ಲಿ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ಅಚ್ಚಾದ ತಮಿಳು ಅಕ್ಷರಗಳನ್ನು ಸೊನ್ನೆ–ಒಂದುಗಳ ಚೌಕಟ್ಟಿಗೆ ಇಳಿಸಿ ಕಂಪ್ಯೂಟರಿಗೆ ಗುರುತಿಸಲು ಕಲಿಸಿದರು. ಮುಂದೆ ಬ್ರಾಹ್ಮೀ ಲಿಪಿಯ ಮೇಲೂ ಇದೇ ಪ್ರಯೋಗ ನಡೆಸಿದರು. ಅಂಗಳದ ಚುಕ್ಕಿ, ಪರದೆಯ ಚುಕ್ಕಿ, ಅಕ್ಷರದ ಚುಕ್ಕಿ ಮೂರೂ ಒಂದೇ ಮೇಜಿನ ಮೇಲೆ ಇದ್ದವು.

ಇಲ್ಲಿ ಕನ್ನಡದ ಡಿಸೈನರಿಗೆ ಒಂದು ಹೊಸ ಬಾಗಿಲು ತೆರೆಯುತ್ತದೆ. ಮಾರ್ಗಳಿ ತಿಂಗಳಲ್ಲಿ ಮೈಲಾಪುರದ ಮಾಡ ಬೀದಿಗಳ ಕಡೆ ನಡೆದರೆ ಎರಡು ಬಗೆಯ ಕೋಲ ಕಾಣುತ್ತವೆ. ಒಂದರಲ್ಲಿ ಗೆರೆ ಚುಕ್ಕಿಯಿಂದ ಚುಕ್ಕಿಗೆ ಹೋಗುತ್ತದೆ. ಸಿಕ್ಕು ಕೋಲದಲ್ಲಿ ಗೆರೆ ಚುಕ್ಕಿಯನ್ನು ಮುಟ್ಟುವುದೇ ಇಲ್ಲ. ಸುತ್ತ ಬಳಸಿಕೊಂಡು ಹೋಗುತ್ತದೆ. ನಮ್ಮ ಚುಕ್ಕಿ ರಂಗೋಲಿಯಲ್ಲೂ ಈ ಎರಡೂ ದಾರಿಗಳಿವೆ. ರೂಢಿಯ ಪಿಕ್ಸೆಲ್ ಫಾಂಟ್ ಚುಕ್ಕಿಯನ್ನು ತುಂಬುತ್ತದೆ, ಹಾಗಾಗಿ ದುಂಡು ಗೆರೆ ಮೆಟ್ಟಿಲಾಗುತ್ತದೆ. ಚುಕ್ಕಿಯನ್ನು ಬಳಸಿ ಹೋದರೆ ಚೌಕಟ್ಟಿನ ಶಿಸ್ತು ಉಳಿದೂ ಗೆರೆ ದುಂಡಗೆ ಇರುತ್ತದೆ. ‘ಲ’, ‘ಅ’, ‘ಣ’, ‘ಜ’ಗಳಂಥ ಸುತ್ತು ಸುತ್ತಿನ ಅಕ್ಷರಗಳಿರುವ ಲಿಪಿಗೆ ಇದು ಹೇಳಿ ಮಾಡಿಸಿದ ಹಾದಿ. ಪಿಕ್ಸೆಲ್ ಶೈಲಿ ಎಂದರೆ ಚೌಕವೇ ಆಗಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

ಇನ್ನೊಬ್ಬ ಗುರು ಕಂಚಿಯ ಮಗ್ಗ. ಸೀರೆಯ ಅಂಚಿನ ಹಂಸವನ್ನೋ ಯಾಳಿಯನ್ನೋ ನೇಯುವ ಮೊದಲು ಅದನ್ನು ಗ್ರಾಫ್ ಹಾಳೆಯ ಮೇಲೆ ಮನೆ ಮನೆಯಾಗಿ ತುಂಬಿ, ಅದರಂತೆ ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆಯುತ್ತಾರೆ. ತುಂಬಿದ ಮನೆಗೆ ಎಳೆ ಏಳುತ್ತದೆ, ಖಾಲಿ ಮನೆಗೆ ಏಳುವುದಿಲ್ಲ. ಗ್ರಾಫ್ ಬರೆಯುವವರಿಗೆ ಒಂದು ಸತ್ಯ ಗೊತ್ತು: ಹಾಳೆಯ ಮನೆ ಚೌಕವಾಗಿದ್ದರೂ ಬಟ್ಟೆಯಲ್ಲಿ ಹಾಸು ಹೊಕ್ಕುಗಳ ದಟ್ಟಣೆ ಬೇರೆಯಾದರೆ ಹಂಸದ ಕತ್ತು ಉದ್ದವೋ ಗಿಡ್ಡವೋ ಆಗುತ್ತದೆ. ಅದಕ್ಕೆ ತಕ್ಕ ಗ್ರಾಫ್ ಬಳಸಬೇಕು. ಪಿಕ್ಸೆಲ್ ಅಕ್ಷರವನ್ನು ಕಸೂತಿಗೋ ನೇಯ್ಗೆಗೋ ಕೊಡುವವರು ಇದನ್ನು ನೇಕಾರರ ಬಳಿ ಕೇಳಿಯೇ ಮುಂದುವರಿಯಬೇಕು. ಸೇಲಂ, ಕೊಯಮತ್ತೂರು ಕಡೆ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ. ಮಾತುಕತೆಗೆ ಭಾಷೆಯ ತೊಡಕೂ ಇರದು.

ಎಲ್ಲಿ ಒಪ್ಪುತ್ತದೆ, ಎಲ್ಲಿ ಒಲ್ಲದು

ಪಿಕ್ಸೆಲ್ ಅಕ್ಷರ ಹೆಸರು ಕೂಗಲು ಹುಟ್ಟಿದ್ದು, ಕತೆ ಹೇಳಲು ಅಲ್ಲ. ಗೇಮಿನ ಶೀರ್ಷಿಕೆ, ಕಾಲೇಜಿನ ಟೆಕ್ ಫೆಸ್ಟ್, ಸಂಗೀತದ ಆಲ್ಬಮ್, ಸ್ಟಿಕ್ಕರ್, ಕೆಫೆಯ ಗೋಡೆ, ರೀಲ್ಸ್‌ನ ಮೊದಲ ಚೌಕಟ್ಟು, ವಸ್ತುಪ್ರದರ್ಶನದ ದಿಕ್ಕುಫಲಕ ಇಲ್ಲೆಲ್ಲ ಎರಡು ಮೂರು ಪದ ಇದ್ದರೆ ಅದು ಮಿಂಚುತ್ತದೆ. ಔಷಧದ ಚೀಟಿ, ಕರಾರುಪತ್ರ, ಪುಸ್ತಕದ ಪುಟಗಳಿಗೆ ತಂದರೆ ಓದುಗರ ಕಣ್ಣಿಗೆ ಶಿಕ್ಷೆ.

ಕನ್ನಡದಲ್ಲಿ ಪದದ ಆಯ್ಕೆಯೇ ಅರ್ಧ ವಿನ್ಯಾಸ. ‘ಆಟ’, ‘ಮಳೆ’, ‘ಕಡಲು’ ಎಂಬ ಶೀರ್ಷಿಕೆಗಳಿಗೆ ಕೆಳಗಿನ ಐದು ಸಾಲು ಬೇಕಿಲ್ಲ. ಅಷ್ಟೂ ಚುಕ್ಕಿಗಳನ್ನು ಮೈಗೆ ಕೊಟ್ಟು ಅಕ್ಷರವನ್ನು ದಷ್ಟಪುಷ್ಟವಾಗಿ ನಿಲ್ಲಿಸಬಹುದು. ‘ಸ್ವಾತಂತ್ರ್ಯ’ ಬಂದರೆ ಆಟ ಬೇರೆ. ಆದ್ದರಿಂದ ಒಳ್ಳೆಯ ಕನ್ನಡ ಪಿಕ್ಸೆಲ್ ಫಾಂಟಿಗೆ ಎರಡು ಎತ್ತರಗಳಿರಬೇಕು: ಒತ್ತಿಲ್ಲದ ಪದಕ್ಕೆ ಗಿಡ್ಡ ರೂಪ, ಒತ್ತಿರುವ ಪದಕ್ಕೆ ಉದ್ದ ರೂಪ. ಇಂಗ್ಲಿಷ್ ಜತೆಗೆ ಬಂದಾಗ ಎರಡೂ ಲಿಪಿಗೆ ಒಂದೇ ಅಳತೆಯ ಚುಕ್ಕಿ ಇರಬೇಕು. ಕನ್ನಡವನ್ನು ಇಂಗ್ಲಿಷಿನ ಎತ್ತರಕ್ಕೆ ಕುಗ್ಗಿಸಿದರೆ ಚುಕ್ಕಿಗಳೇ ಸಣ್ಣವಾಗಿ ಕನ್ನಡ ಬಡವಾಗಿ ಕಾಣುತ್ತದೆ. ಅಕ್ಷರದ ಎತ್ತರ ಬೇರೆಯಾದರೂ ಚಿಂತೆಯಿಲ್ಲ, ಚುಕ್ಕಿ ಒಂದೇ ಇರಲಿ.

ಆರಂಭಿಸಲು ಸಾಮಗ್ರಿಯೂ ಇದೆ. ರೋಮನ್ ಚಿಬೋರಾ 1998ರಲ್ಲಿ ಶುರು ಮಾಡಿದ ಮುಕ್ತ ಫಾಂಟ್ ‘ಗ್ನೂ ಯುನಿಫಾಂಟ್’ನಲ್ಲಿ ಲೋಕದ ಬಹುತೇಕ ಲಿಪಿಗಳು ಹದಿನಾರು ಚುಕ್ಕಿ ಎತ್ತರದಲ್ಲಿವೆ, ಕನ್ನಡದ ಅಕ್ಷರಮಾಲೆಯೂ ಅಲ್ಲಿದೆ. ಒತ್ತಕ್ಷರಗಳನ್ನು ಚೆಂದಕ್ಕೆ ಕೂಡಿಸುವುದು ಅದರ ಗುರಿಯಲ್ಲ. ಆ ಕೆಲಸ ಕನ್ನಡದವರದು.

ಕೈಗೆಟುಕುವ ಸೂತ್ರಗಳು

• ಅಳತೆಯನ್ನು ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ಣಸಂಖ್ಯೆಯಲ್ಲೇ ಹಿಗ್ಗಿಸಿ. ಒಂದೂವರೆ ಪಟ್ಟು ಮಾಡಿದರೆ ಚುಕ್ಕಿಯ ಅಂಚು ಮಸುಕಾಗುತ್ತದೆ.

• ಸಾಫ್ಟ್‌ವೇರ್ ಕೊಡುವ ಕೃತಕ ಬೋಲ್ಡ್, ಇಟಾಲಿಕ್ ಮುಟ್ಟಬೇಡಿ. ದಪ್ಪ ಬೇಕೆಂದರೆ ದಪ್ಪ ಅಕ್ಷರವನ್ನೇ ಬೇರೆಯಾಗಿ ಬರೆಯಿರಿ.

• ಫಾಂಟ್ ಕಡತದಲ್ಲಿ ಅಕ್ಕಪಕ್ಕದ ಚೌಕಗಳನ್ನು ಒಂದೇ ಆಕಾರವಾಗಿ ಬೆಸೆಯಿರಿ. ಇಲ್ಲವಾದರೆ ದೊಡ್ಡ ಬ್ಯಾನರಿನಲ್ಲಿ ಚೌಕಗಳ ನಡುವೆ ಕೂದಲೆಳೆಯ ಬಿರುಕು ಕಾಣುತ್ತದೆ.

• ಅಕ್ರಿಲಿಕ್ ಅಥವಾ ಮರದಲ್ಲಿ ಲೇಸರ್ ಕತ್ತರಿಸುವುದಾದರೆ ಮೂಲೆಗೆ ಮೂಲೆ ಮಾತ್ರ ತಾಗುವ ಚುಕ್ಕಿಗಳು ಉದುರುತ್ತವೆ. ಅಂಥ ಕಡೆ ಒಂದು ಚುಕ್ಕಿ ಹೆಚ್ಚಿಗೆ ಸೇರಿಸಿ.

• ಎಲ್‌ಇಡಿ ಬೋರ್ಡಿನ ಅಗ್ಗದ ನಿಯಂತ್ರಕಕ್ಕೆ ಯುನಿಕೋಡ್ ಪಠ್ಯ ಕೊಟ್ಟರೆ ಒತ್ತು ಗುಣಿತಗಳು ಚೆಲ್ಲಾಪಿಲ್ಲಿಯಾಗಬಹುದು. ಪದವನ್ನು ಮೊದಲೇ ಚಿತ್ರವಾಗಿ ಮಾಡಿ ತುಂಬಿ.

ಬುಡದಿಂದ ಶುರು ಮಾಡಿ

ರೋಮನ್ ಫಾಂಟ್ ಮಾಡುವವರು ಒಂದೆರಡು ಸರಳ ಅಕ್ಷರ ಬರೆದು ಅದರಿಂದ ಉಳಿದವನ್ನು ಹೊರಡಿಸುತ್ತಾರೆ. ಅದೇ ಅಭ್ಯಾಸದಲ್ಲಿ ಕನ್ನಡದವರು ‘ಅ’, ‘ಕ’ಗಳಿಂದ ಶುರು ಮಾಡಿ, ಚೆಂದದ ಅಕ್ಷರಮಾಲೆ ಮುಗಿಸಿ, ಕೊನೆಗೆ ಒತ್ತುಗಳನ್ನು ತುರುಕುವಾಗ ಎಡವುತ್ತಾರೆ. ಚುಕ್ಕಿಯ ಚೌಕಟ್ಟಿನಲ್ಲಿ ಕೆಲಸ ತಿರುಗುಮುರುಗಾಗಬೇಕು. ಕನ್ನಡದ ಒತ್ತುಗಳಲ್ಲಿ ‘ಕ’, ‘ಗ’, ‘ಪ’ಗಳಂಥವು ತಲಕಟ್ಟು ಕಳೆದ ಮೂಲ ಅಕ್ಷರಗಳೇ; ‘ತ’, ‘ನ’, ‘ಮ’, ‘ಯ’, ‘ರ’, ‘ಲ’ಗಳ ಒತ್ತುಗಳು ಬೇರೆಯದೇ ಆಕಾರ ತಾಳುತ್ತವೆ. ಅಮ್ಮ, ಅಣ್ಣ, ಬೆಲ್ಲ, ಅನ್ನ, ಹತ್ತು ಎಂದು ದಿನಬಳಕೆಯ ಮಾತಿನಲ್ಲೇ ಒತ್ತು ತುಂಬಿ ತುಳುಕುವ ಭಾಷೆಗೆ ಅವು ಅಪರೂಪದ ಅತಿಥಿಗಳಲ್ಲ. ಐದು ಸಾಲಿನಲ್ಲಿ ಈ ಆರು ಒತ್ತುಗಳು ಸ್ಪಷ್ಟವಾಗಿ ಓದಿಸಿಕೊಂಡರೆ ಮೇಲಿನ ಮೈ ಎಷ್ಟಿರಬೇಕು, ಗೆರೆ ಎಷ್ಟು ದಪ್ಪ ಇರಬೇಕು ಎಂಬುದನ್ನು ಅವೇ ಹೇಳುತ್ತವೆ.

ಹೀಗೆ ಕಟ್ಟಿದ ಫಾಂಟ್ ಪೋಸ್ಟರಿಗೆ ಮಾತ್ರ ಮೀಸಲಾಗುವುದಿಲ್ಲ. ಅಲಂಕಾರಕ್ಕೆಂದು ಮಾಡಿದ ಹದಿನಾರು ಚುಕ್ಕಿಯ ಅಕ್ಷರ ನಾಳೆ ಬಸ್ಸಿನ ಬೋರ್ಡಿಗೆ, ರೈಲಿನ ಫಲಕಕ್ಕೆ, ತೂಕದ ಯಂತ್ರಕ್ಕೆ, ವಾಚಿನ ಪರದೆಗೆ ಹಾಗೆಯೇ ಹೋಗಬಲ್ಲದು. ಇಂಗ್ಲಿಷಿನಲ್ಲಿ ಅಗತ್ಯ ಮೊದಲು ಬಂತು, ಶೋಕಿ ಆಮೇಲೆ ಬಂತು. ಕನ್ನಡದಲ್ಲಿ ಶೋಕಿಯೇ ಮೊದಲು ಬಂದು ಅಗತ್ಯದ ಕೆಲಸ ಮಾಡಿಕೊಟ್ಟರೆ ಯಾರ ತಕರಾರೂ ಇರಲಾರದು.